ಹಾಡಿನ ನಡುವೆ ಹಾದಿ

ದಾರಿ ಹೇಳುವ ದನಿ ಕಾರಿನೊಳಗೆ ಎಲ್ಲಿಂದ ಬರಬೇಕು ಅನ್ನುವ ವಿಷಯದಲ್ಲಿ ನಾನು ಹಟಮಾರಿ. ಅಂಗಿ ಜೇಬಿನಿಂದ ಬರಕೂಡದು. ಗೇರಿನ ಪಕ್ಕದ ಗೂಡಿನಲ್ಲಿ ಚಿಲ್ಲರೆ, ಹಳೇ ಪೆಟ್ರೋಲ್ ಚೀಟಿ, ಶೇಂಗಾ ಸಿಪ್ಪೆಗಳ ಅಡಿಗೆ ಸಿಕ್ಕ ಫೋನಿನಿಂದಂತೂ ಬರಲೇಕೂಡದು. ಹಾಡು ಎಲ್ಲಿಂದ ಬರುತ್ತದೋ ಅಲ್ಲಿಂದಲೇ, ಬಾಗಿಲ ಸ್ಪೀಕರಿನಿಂದಲೇ, ತುಂಬುಗಂಟಲಲ್ಲಿ ಬರಬೇಕು. "300 ಮೀಟರ್‌ಗಳಲ್ಲಿ, ಎಡಕ್ಕೆ ತಿರುಗಿ" ಎಂದು ಆಕೆ ಶುರು ಮಾಡುತ್ತಿದ್ದಂತೆ ಸಿತಾರು ಎರಡು ಹೆಜ್ಜೆ ಹಿಂದೆ ಸರಿದು, ಮಾತು ಮುಗಿದ ಮೇಲೆ ಮತ್ತೆ ಮುಂದೆ ಬರುತ್ತದಲ್ಲ, ಆ ಸೌಜನ್ಯ ಕೇಳುವುದಕ್ಕೆಂದೇ ನಾನು ಎಷ್ಟೋ ಸಲ ಕಾರು ಹೊರಡಿಸಿದ್ದುಂಟು.

ಓಣಿಯವರಿಗೆ ಇದು ನಗೆಯ ಮಾತು. "ಬೆಟಗೇರಿಯಾಗ ಹುಟ್ಟಿ ಬೆಳದಾಂವ ಲಕ್ಷ್ಮೇಶ್ವರಕ್ಕ ಹೋಗಾಕ ಮ್ಯಾಪ್ ಹಚ್ಚತಾನ ನೋಡ್ರಿ" ಎಂದು ಕಟ್ಟೆಯ ಮೇಲಿನ ಹಿರಿಯರೊಬ್ಬರು ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾರೆ. ಮುಳಗುಂದ ನಾಕಾದಿಂದ ಮುಂದಿನ ದಾರಿ ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಗೊತ್ತಿರುವ ಹಾಡನ್ನೇ ಅಲ್ಲವೇ ಮಂದಿ ಮತ್ತೆ ಮತ್ತೆ ಹಚ್ಚುವುದು? ಗೊತ್ತಿರುವ ತಿರುವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದರಲ್ಲೂ ಅಂಥದೇ ಒಂದು ಖುಷಿ ಇದೆ. ಮೇಲಾಗಿ ಈ ದನಿ 2018ರಿಂದ ಕನ್ನಡದಲ್ಲೇ ಮಾತಾಡುತ್ತಿದೆ. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗ ನಮ್ಮೂರ ಹೆಸರುಗಳು ಆಕೆಯ ಬಾಯಲ್ಲಿ ಸಿಕ್ಕು ಪಟ್ಟ ಪಾಡು ಬೇರೆಯೇ.

ಈಗಿನ ಹುಡುಗರು ಬ್ಲೂಟೂತ್ ಒತ್ತಿ ಕೂತುಬಿಡುತ್ತಾರೆ. ನಾನು ಈ ದನಿಯನ್ನು ಸ್ಪೀಕರಿಗೆ ತರಲು ಪಟ್ಟ ಪರಿಪಾಟಲಿನಲ್ಲೇ ಅರ್ಧ ಸುಖ ಇತ್ತು. ಹಳೇ ಕಾರಿನಲ್ಲಿದ್ದದ್ದು ಕ್ಯಾಸೆಟ್ ಡೆಕ್. ಅದಕ್ಕೊಂದು ಸೋಗಿನ ಕ್ಯಾಸೆಟ್ ಸಿಗುತ್ತಿತ್ತು: ಒಳಗೆ ಟೇಪು ಇಲ್ಲ, ಟೇಪು ಇರಬೇಕಾದ ಕಡೆ ಒಂದು ಪುಟ್ಟ ಹೆಡ್ಡು, ಬಾಲದಂತೆ ಹೊರಬಿದ್ದ ವೈರಿನ ತುದಿಗೆ ಫೋನಿನ ಪಿನ್. ಡೆಕ್ಕಿನ ಹೆಡ್ಡಿಗೆ ಇದು ಅಯಸ್ಕಾಂತದ ಭಾಷೆಯಲ್ಲಿ ಪಿಸುಗುಟ್ಟುತ್ತಿತ್ತು, ಅದು ಟೇಪೇ ಓಡುತ್ತಿದೆ ಎಂದು ನಂಬಿ ಹಾಡುತ್ತಿತ್ತು. ಆಮೇಲೆ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಎಫ್.ಎಂ. ಟ್ರಾನ್ಸ್‌ಮಿಟರ್ ಬಂತು. ಖಾಲಿ ತರಂಗಾಂತರ ಹುಡುಕಿ, ಸ್ವಂತದ್ದೊಂದು ಆಕಾಶವಾಣಿ ಸ್ಥಾಪಿಸಿಕೊಂಡಂತೆ. ಶಿರಹಟ್ಟಿ ಕಡೆ ಅದು ಸ್ವಚ್ಛ. ಹುಬ್ಬಳ್ಳಿ ಹತ್ತಿರಾದಂತೆ ಅಲ್ಲಿನ ಎಫ್.ಎಂ. ಕೇಂದ್ರಗಳು ನುಗ್ಗಿಬಂದು, ಬಲಕ್ಕೆ ತಿರುಗಬೇಕಾದ ಜಾಗದಲ್ಲಿ ಬಟ್ಟೆ ಅಂಗಡಿಯ ಜಾಹೀರಾತು.

ಆಕ್ಸ್ ಕೇಬಲ್ಲಿನ ಕಾಲದಲ್ಲಿ ಇನ್ನೊಂದು ಕಾಟ. ಫೋನು ಚಾರ್ಜಿಗೆ ಹಾಕಿದ ತಕ್ಷಣ ಸ್ಪೀಕರಿನಲ್ಲಿ 'ಕುಂಯ್' ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ಕಾರಣ ಸರಳ: ಚಾರ್ಜರ್ ಒಂದು ದಾರಿಯಿಂದ, ಆಕ್ಸ್ ಇನ್ನೊಂದು ದಾರಿಯಿಂದ ಒಂದೇ ಅರ್ಥಿಂಗಿಗೆ ಸೇರಿ ಸುತ್ತು ಕಟ್ಟಿಕೊಳ್ಳುತ್ತವೆ, ಆ ಸುತ್ತಿನೊಳಗೆ ಆಲ್ಟರ್ನೇಟರಿನ ಗದ್ದಲ ಹೊಕ್ಕುತ್ತದೆ. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರುಗಳಿರುವ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಸೇರಿಸಿದರೆ ವೈರಿಗೆ ವೈರು ತಾಗದೆ ಸದ್ದು ಮಾತ್ರ ದಾಟುತ್ತದೆ. ಅದನ್ನು ಹಾಕಿಸಿದ ದಿನ ಆಕೆಯ ದನಿ ಮೊದಲ ಬಾರಿಗೆ ನಿಚ್ಚಳವಾಗಿ ಕೇಳಿದಾಗ, ಬೇಕಿಲ್ಲದಿದ್ದರೂ ಹಾತಲಗೇರಿ ನಾಕಾದವರೆಗೆ ಒಂದು ಸುತ್ತು ಹಾಕಿ ಬಂದೆ.

ಬ್ಲೂಟೂತಿನಲ್ಲಿ ಫೋನಿಗೂ ಸ್ಟೀರಿಯೋಗೂ ನಡುವೆ ಇರುವುದು ಎರಡು ಬಾಗಿಲು: ಹಾಡಿಗೊಂದು, ಕರೆಗೊಂದು. ಹಾಡಿನ ಬಾಗಿಲು ದೊಡ್ಡದು, ದನಿ ದುಂಡಗೆ ಬರುತ್ತದೆ. ಆದರೆ ನಾನು 765 ಕಿಲೋಹರ್ಟ್ಸ್‌ಗೆ ತಿರುಗಿಸಿ ಧಾರವಾಡ ಆಕಾಶವಾಣಿ ಕೇಳುತ್ತಾ ಕೂತಿದ್ದರೆ ಸ್ಟೀರಿಯೋದ ಕಿವಿ ರೇಡಿಯೋದ ಕಡೆಗಿರುತ್ತದೆ. ಹಾಡಿನ ಬಾಗಿಲಲ್ಲಿ ನಿಂತು ಆಕೆ ಎಷ್ಟು ಕೂಗಿದರೂ ಯಾರೂ ತೆಗೆಯುವುದಿಲ್ಲ. ಆಗ ಆಕೆಯನ್ನು ಕರೆಯ ಬಾಗಿಲಿಗೆ ಕಳಿಸಬೇಕು. ಯಾರೋ ಫೋನು ಮಾಡಿದರೆಂದು ಪಾಪ ಸ್ಟೀರಿಯೋ ರೇಡಿಯೋದ ಬಾಯಿ ಮುಚ್ಚಿಸುತ್ತದೆ. ಉಪಾಯ ಚೆನ್ನ, ಆದರೆ ದನಿ ಟೆಲಿಫೋನಿನದ್ದೇ, ಮೂಗಿನಲ್ಲಿ ಮಾತಾಡುವಂಥದ್ದು. ಹಾಗಾಗಿ ದೂರದ ದಾರಿಯಲ್ಲಿ ರೇಡಿಯೋ ಬಿಟ್ಟು ಹಾಡಿನ ಬಾಗಿಲನ್ನೇ ಹಿಡಿಯುತ್ತೇನೆ.

ಅಲ್ಲೂ ಒಂದು ಗುಟ್ಟಿದೆ. ಏನೂ ಹಾಡದೆ ಸುಮ್ಮನಿದ್ದರೆ ಸ್ಟೀರಿಯೋಗೆ ಜೊಂಪು ಹತ್ತುತ್ತದೆ. ಆಕೆ ಬಾಯಿ ತೆರೆದಾಗ ಎಚ್ಚರವಾಗುವಷ್ಟರಲ್ಲಿ ಮೊದಲ ಶಬ್ದ ಹೋಗಿರುತ್ತದೆ. ಕೇಳುವುದು ಬರೀ "ತಿರುಗಿ". ಎಲ್ಲಿಗೆ? ಅದು ಹೋದ ಶಬ್ದದಲ್ಲಿತ್ತು! ಮದ್ದು ಒಂದೇ, ಹಾಡು ನಿಲ್ಲಕೂಡದು. ತೀರ ಸಣ್ಣಗಾದರೂ ಸರಿ, ಹರಿಯುತ್ತಿರಬೇಕು.

ಉಪಗ್ರಹಗಳ ವಿಷಯ ನೆನೆದರೆ ನನಗೆ ನಗು ಬರುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಜಿ.ಪಿ.ಎಸ್. ಸಂಕೇತ ನಮ್ಮ ಎರೆಹೊಲದ ನಡುವಿನ ರಸ್ತೆಗೆ ಇಳಿಯಲು ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ಅದೇ ಫೋನಿನಿಂದ ಡ್ಯಾಶ್‌ಬೋರ್ಡಿಗೆ, ಎರಡು ಮೊಳ ದಾಟಲು, ಬ್ಲೂಟೂತಿಗೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಇನ್ನು ಆ ಉಪಗ್ರಹಗಳಿಗೆ ಲಕ್ಷ್ಮೇಶ್ವರವೂ ಗೊತ್ತಿಲ್ಲ, ಎಡಬಲವೂ ಗೊತ್ತಿಲ್ಲ. ತಾವೆಲ್ಲಿದ್ದೇವೆ, ಈಗ ಹೊತ್ತೆಷ್ಟು ಎಂದು ಸಾರುವುದಷ್ಟೇ ಅವುಗಳ ಕೆಲಸ. ಕನಿಷ್ಠ ನಾಲ್ಕರ ಸಾರಣೆ ಕೇಳಿಸಿಕೊಂಡು ಲೆಕ್ಕ ಹಾಕುವುದು, ನಕ್ಷೆಗೆ ಹೊಂದಿಸುವುದು, ಮಾತಾಗಿಸುವುದು ಎಲ್ಲ ಫೋನಿನ ದುಡಿಮೆ.

ದನಿಯನ್ನು ಹದ ಮಾಡುವುದು ನನಗೆ ತೀರ ಪ್ರಿಯವಾದ ಕೆಲಸ. ನನ್ನ ಸ್ಟೀರಿಯೋ ಬಂದಾಗ ಬಾಸ್ ಪೂರ್ತಿ ಏರಿಸಿಯೇ ಇತ್ತು. ಆಕೆ ಮಾತಾಡಿದರೆ ಹಗೇವಿಗೆ ಇಳಿದವರು ಒಳಗಿಂದ ಕೂಗಿದ ಹಾಗೆ. ಟಾಯರಿನ, ಇಂಜಿನ್ನಿನ ಸದ್ದೆಲ್ಲ ಇರುವುದು ಕೆಳಸ್ತರದಲ್ಲಿ. ಮಾತು ಸ್ಪಷ್ಟವಾಗುವುದು ವ್ಯಂಜನಗಳಿಂದ, ಅವು ಇರುವುದು 2,000 ಹರ್ಟ್ಸ್‌ನಿಂದ ಮೇಲೆ. ಬಾಸ್ ಇಳಿಸಿ, ನಡುವಿನದನ್ನು ಒಂದೆರಡು ಗೆರೆ ಏರಿಸಿದೆ. 'ಎಡಕ್ಕೆ'ಯ ಒತ್ತಕ್ಷರ ಬಾಗಿಲಿಗೆ ತಟ್ಟಿದಂತೆ ಕೇಳತೊಡಗಿತು. ಆಮೇಲೆ ಬ್ಯಾಲೆನ್ಸನ್ನು ಬಲಕ್ಕೆ ಒಂದು ಗೆರೆ ಸರಿಸಿದೆ, ಹೆಚ್ಚಲ್ಲ. ಪೂರ್ತಿ ಸರಿಸಿದರೆ ಹಾಡು ಕುಂಟುತ್ತದೆ. ಕೊನೆಗೆ ಫೋನಿನ ಸದ್ದು ಪೂರ್ತಿ ಏರಿಸಿ, ಸ್ಟೀರಿಯೋದ ಗುಬುಟನ್ನು ಅರ್ಧಕ್ಕೆ ನಿಲ್ಲಿಸುವುದು. ತಿರುಗು ಮುರುಗು ಮಾಡಿದರೆ ದನಿಗಿಂತ ಸರಬರ ಸದ್ದೇ ಜಾಸ್ತಿ.

ಯಾವ ಹಾಡಿನ ಮೇಲೆ ಆಕೆ ಮಾತಾಡಬೇಕು ಎಂಬುದು ರುಚಿಯ ಪ್ರಶ್ನೆ. ವಚನಗಾಯನದ ಮೇಲೆ ಬೇಡ, ಮಾತಿನ ಮೇಲೆ ಮಾತು ಬಿದ್ದು ಎರಡೂ ಕೆಡುತ್ತವೆ. ಸಿತಾರಿನ ಆಲಾಪಕ್ಕೆ ಏನೂ ಆಗುವುದಿಲ್ಲ. ಖಯಾಲಾದರೆ ವಿಲಂಬಿತ ಸರಿ, ದ್ರುತದಲ್ಲಿ ಸಮ್ಮಿಗೆ ಬರುವ ಹೊತ್ತಿಗೇ "ವೃತ್ತದಲ್ಲಿ ಎರಡನೇ ನಿರ್ಗಮನ" ಅಂದುಬಿಟ್ಟರೆ ಜೀವ ಚುರ್ ಅನ್ನುತ್ತದೆ. ಭೀಮಸೇನ ಜೋಶಿಯವರನ್ನು ಹಚ್ಚಿದಾಗ ಮಾತ್ರ ನನಗೊಂದು ತಮಾಷೆ ನೆನಪಾಗುತ್ತದೆ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿದ ಗುಂಗಿನಲ್ಲಿ 11ರ ಹುಡುಗ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟ. ಗ್ವಾಲಿಯರ್, ಕೋಲ್ಕತ್ತ, ಜಾಲಂಧರ ಎಲ್ಲ ಸುತ್ತಿದ ಮೇಲೆ ಗುರು ಸಿಕ್ಕದ್ದು ಇಲ್ಲೇ ಮಗ್ಗುಲಲ್ಲಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಲಕ್ಷ್ಮೇಶ್ವರದಿಂದ ಅದೇನು ಮಹಾ ದೂರ! ಪೆಟ್ಟಿಗೆಯೊಳಗಿನ ದನಿ ನೆಟ್ಟಗಿನ ದಾರಿಯನ್ನೇ ಹೇಳಿದ್ದರೆ ಭಾರತರತ್ನ ಬರುತ್ತಿತ್ತೋ ಇಲ್ಲವೋ. ದೊಡ್ಡವರಾದ ಮೇಲೆ ಅವರಿಗೆ ಕಾರು ಓಡಿಸುವ ಹುಚ್ಚು. ಊರಿಂದೂರಿಗೆ ಕಚೇರಿಗೆ ಹೋಗುವಾಗ ತಾವೇ ಸ್ಟಿಯರಿಂಗ್ ಹಿಡಿಯುತ್ತಿದ್ದರು.

ಕಿವಿಯನ್ನು ನಂಬುವುದು ಗದುಗಿಗೆ ಹೊಸತೇನಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಲ್ಲಿ ಎಷ್ಟು ಮಕ್ಕಳು ಕೇಳಿಯೇ ವಿದ್ಯೆ ಕಲಿತು ಹೊರಬಿದ್ದಿದ್ದಾರೆ! ನನ್ನಂಥವರಿಗೆ ಕಣ್ಣಿದ್ದೂ ಅದನ್ನು ರಸ್ತೆಯ ಮೇಲಿಡಲು ಸ್ಪೀಕರ್ ಬೇಕು. ದಾರಿ ನೋಡುವುದಕ್ಕೆ ಮಾತ್ರ ಫೋನು ಬಳಸಬಹುದು, ಅದೂ ಚಾಲಕನ ಲಕ್ಷ್ಯ ತಪ್ಪದಂತೆ, ಎಂದು 2020ರ ಅಕ್ಟೋಬರಿನಿಂದ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಪರದೆ ನೋಡುವುದಕ್ಕಿಂತ ಕೇಳುವುದೇ ಆ ನಿಯಮಕ್ಕೆ ಹೆಚ್ಚು ಹೊಂದುವ ಕ್ರಮ ಎಂದು ನನ್ನ ವಾದ.

ಆದರೆ ಸ್ಪೀಕರಿನ ನಿಜವಾದ ಮಜಾ ಕಾರು ತುಂಬ ಮಂದಿ ಇದ್ದಾಗ. ಕಿವಿಯಲ್ಲಿ ಸಿಕ್ಕಿಸಿಕೊಂಡರೆ ಆಕೆ ನನ್ನೊಬ್ಬನಿಗೆ ಹೇಳಿದಳು, ಮುಗಿಯಿತು. ಸ್ಪೀಕರಿನಲ್ಲಿ ಬಂದರೆ ಆಕೆಯೂ ಕಾರಿನಲ್ಲಿ ಕೂತವಳೇ, ಎಲ್ಲರೂ ಎದುರು ಮಾತಾಡಬಹುದು. ಅವ್ವನ ತವರು ಶಿರಹಟ್ಟಿ. ಫಕೀರೇಶ್ವರ ಮಠದ ಜಾತ್ರೆಗೆಂದು ಹೊರಟಾಗ ಊರು ಹತ್ತಿರ ಬಂದಂತೆ ಆಕೆಗೂ ಅವ್ವನಿಗೂ ಜುಗಲಬಂದಿ ಶುರು.

"ಬಲಕ್ಕೆ ತಿರುಗಿ."

"ಬ್ಯಾಡ. ಮುಂದ ಬೇವಿನ ಗಿಡ ಐತಲ್ಲ, ಅಲ್ಲಿ ಹೊಳ್ಳು."

"ಯವ್ವಾ, ರಸ್ತೆ ಅಗಲ ಮಾಡೂಮುಂದ ಆ ಗಿಡ ಕಡದು ಎಷ್ಟೋ ವರ್ಷ ಆತು."

"ಕಡದ್ರೇನಾತೋ? ಅದು ಇದ್ದ ಜಾಗಾ ಇಲ್ಲೇನು?"

ಇದಕ್ಕೆ ಫೋನಿನಲ್ಲಿ ಉತ್ತರ ಇರಲಿಲ್ಲ. ಅವ್ವ ಹೇಳಿದಲ್ಲೇ ಹೊಳ್ಳಿದೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, ಮರುಮಾತಿಲ್ಲದೆ ಹೊಸ ಲೆಕ್ಕ ಹಾಕಿದಳು. ಮನೆಯಲ್ಲಿ ಯಾರಿಗೂ ಇಲ್ಲದ ಗುಣ ಇದು ಎಂದು ನನ್ನ ಹೆಂಡತಿ ಹಿಂದಿನ ಸೀಟಿನಿಂದ ಅಂದಳು. ಚಳಿಗಾಲದಲ್ಲಿ ಮಾಗಡಿ ಕೆರೆಯ ಹತ್ತಿರ ನಿಲ್ಲಿಸಿ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ತೋರಿಸಿದಾಗಲೂ ಅವ್ವ ಮೊದಲು ಕೇಳಿದ್ದು, "ಇವಕ್ಕ ಯಾರ್ ಹೇಳ್ತಾರೋ ಎಡಕ್ಕ ಬಲಕ್ಕ?" ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು ಎಂದು ಹೇಳಿದೆ. ಪಟ್ಟಿಯ ಬಗ್ಗೆ ಅವ್ವನಿಗೆ ಆಸಕ್ತಿ ಹುಟ್ಟಲಿಲ್ಲ.

ಆಕೆಗೆ ಗೊತ್ತಾಗದ್ದು ಸಾಕಷ್ಟಿದೆ. ಸುಗ್ಗಿಯಲ್ಲಿ ರೈತರು ಹುರುಳಿ ತಂದು ರಸ್ತೆಯ ಮೇಲೆಯೇ ಹಾಸುತ್ತಾರೆ, ಬಂದ ಬಂದ ಗಾಡಿಗಳೆಲ್ಲ ತುಳಿದು ಕಾಳು ಬಿಡಿಸಿಕೊಟ್ಟು ಹೋಗಬೇಕು. "ನೇರವಾಗಿ ಮುಂದುವರಿಯಿರಿ" ಎಂದು ಆಕೆ ನಿಶ್ಚಿಂತಳಾಗಿ ಹೇಳುವಾಗ ಟಾಯರಿನ ಅಡಿ ಹೊಟ್ಟು ಸರಸರ ಅನ್ನುತ್ತದೆ. ಬ್ರೇಕ್ ಒತ್ತಿದರೆ ಜಾರುತ್ತದೆ. ಅಲ್ಲಿ ಹಾಡನ್ನೂ ಸಣ್ಣ ಮಾಡಿ, ಕಿಟಕಿ ಇಳಿಸಿ, ಆ ಸದ್ದನ್ನೇ ಕೇಳುತ್ತ ಹೋಗುವುದು ಒಳ್ಳೆಯದು.

ಮುಂಡರಗಿಯ ದಾರಿ ಬೇರೆ ಬಗೆಯದು. ಡಂಬಳ ದಾಟಿ ಕಪ್ಪತಗುಡ್ಡದ ಕಡೆ ಡೋಣಿಯ ದಾರಿ ಹಿಡಿದರೆ ಫೋನಿನ ಸಿಗ್ನಲ್ ಅಲ್ಲಲ್ಲಿ ಹೋಗುತ್ತದೆ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ ದನಿ ನಿಲ್ಲುವುದಿಲ್ಲ. ಉಪಗ್ರಹಕ್ಕೆ ಟವರಿನ ಹಂಗಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆ ದಾರಿಯಲ್ಲಿ ಆಕೆಗಿರುವ ಒಬ್ಬನೇ ಪ್ರತಿಸ್ಪರ್ಧಿ ಟ್ರ್ಯಾಕ್ಟರು. ನಮ್ಮ ಕಡೆ ಟ್ರ್ಯಾಕ್ಟರಿಗೆ ನೇಗಿಲಿಗಿಂತ ಮೊದಲು ಸೌಂಡ್ ಬಾಕ್ಸ್ ಕೂರಿಸುತ್ತಾರೆ. ಜಾನಪದ ಹಾಡಿನ ಬಾಸಿಗೆ ನನ್ನ ಕಾರಿನ ಗಾಜು ನಡುಗುತ್ತದೆ, ಆಕೆ ಹೇಳಿದ್ದು ಆಕೆಗೇ ಕೇಳುವುದಿಲ್ಲ.

ಒಮ್ಮೆ ಚಹಾದಂಗಡಿಯ ಮುಂದೆ ಅಂಥದೇ ಟ್ರ್ಯಾಕ್ಟರಿನ ಹುಡುಗನೊಬ್ಬ ನನ್ನ ಕಾರಿನ ಕಿಟಕಿಗೆ ಬಗ್ಗಿ, ಆಕೆಯ ಮಾತನ್ನು ಪೂರ್ತಿ ಕೇಳಿಸಿಕೊಂಡ.

"ಅಣ್ಣಾರ, ಈಕಿ ನಮ್ಮ ಬಾಕ್ಸಿನ್ಯಾಗ ಬರ್ತಾಳೇನ್ರಿ?"

"ಬರ್ತಾಳಪಾ. ಬ್ಲೂಟೂತ್ ಇದ್ರ ಆತು. ಆದ್ರ ನೀ ಎಲ್ಲಿ ಹೊಂಟಿ, ಎಲ್ಲಿ ಹೊಳ್ಳತಿ ಅಂತ ಊರಿಗೆಲ್ಲ ಗೊತ್ತಾಗ್ತದ ನೋಡು."

"ಆಗ್ಲಿ ಬಿಡ್ರಿ, ಹಿಂದ ಬರವ್ರಿಗೂ ದಾರಿ ಸಿಗ್ತದ" ಎಂದು ಫೋನು ತೆಗೆದ. ಬಾಸ್ ಇಳಿಸಲು ಮಾತ್ರ ಎಷ್ಟು ಹೇಳಿದರೂ ಒಪ್ಪಲಿಲ್ಲ.