ಬೀಗಕ್ಕೆ ದಂಡ

ನಮ್ಮ ಪಕ್ಕದ ಮನೆಯ ಬಾಗಿಲಿಗೆ ಒಂಬತ್ತು ವರ್ಷದಿಂದ ಬೀಗ. ಹಿರಿಯರು ತೀರಿಕೊಂಡರು; ಮಕ್ಕಳಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಪುಣೆ, ಇನ್ನೊಬ್ಬರು ಹೊರದೇಶ. ಮನೆ ಮಾತ್ರ ಇಲ್ಲೇ, ನಮ್ಮ ಪಾಲಿಗೆ. ಹೆಂಚು ಜಾರಿ ಅಟ್ಟ ಕುಸಿದಿದೆ. ಅಂಗಳದಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ಹಿತ್ತಲಲ್ಲಿ ಬಾಯಿ ತೆರೆದ ಸಿಮೆಂಟು ತೊಟ್ಟಿ. ಬೀದಿಯವರು ರಾತ್ರಿ ಕಸದ ಕವರನ್ನು ಆ ಕಾಂಪೌಂಡಿನೊಳಗೆ ಎಸೆಯುತ್ತಾರೆ, ಬೆಳಿಗ್ಗೆ ಮೂಗು ಮುಚ್ಚಿಕೊಂಡು ಅದೇ ಮನೆಯವರನ್ನು ಬೈಯುತ್ತಾರೆ. ಬೈಯುವವರಲ್ಲಿ ನನ್ನದೇ ದೊಡ್ಡ ದನಿ.

2024ರ ಮಳೆಗಾಲದಲ್ಲಿ ಮೊಮ್ಮಗನಿಗೆ ಡೆಂಗಿ ಬಂತು. ಐದು ದಿನ ಆಸ್ಪತ್ರೆ. ಸೊಸೆ ಮಗುವಿನ ಕಾಲು ಹಿಡಿದುಕೊಂಡೇ ಕೂತಿದ್ದಳು. ಪ್ಲೇಟ್‌ಲೆಟ್ಟಿನ ಚೀಟಿ ಬಂದಾಗಲೆಲ್ಲ ನಮ್ಮಿಬ್ಬರ ಎದೆ ಡವಗುಟ್ಟುತ್ತಿತ್ತು. ದೇವರ ದಯೆ, ಮಗು ಉಳಿಯಿತು. ಆದರೆ ಆ ತೊಟ್ಟಿಯನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಪಟ್ಟಣದಲ್ಲಿ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನಗಳಿಗೆ 2000. ಪೇಪರಿನಲ್ಲಿ ಓದಿ ನನಗೆ ಹಬ್ಬವೇ ಆಯಿತು. ಆಶಾ ಕಾರ್ಯಕರ್ತೆ ಬಂದ ದಿನ ಕಾಫಿ ಕೊಟ್ಟು, ಪಕ್ಕದ ಮನೆಯ ಕಥೆಯನ್ನೆಲ್ಲ ಹೇಳಿದೆ.

ಆಕೆ ಕಾಫಿ ಕುಡಿದು, "ಮೊದಲು ನಿಮ್ಮ ಮನೆ ನೋಡ್ತೀನಮ್ಮ" ಎಂದಳು. ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ಟಾರ್ಚು ಬಿಟ್ಟಳು. ಕೂದಲೆಳೆಯಂಥ ಹುಳುಗಳು ಕುಣಿಯುತ್ತಿದ್ದವು! ಹಗಲು ಕಚ್ಚುವ ಆ ಸೊಳ್ಳೆಗೆ ಕೊಳಚೆ ಬೇಕಿಲ್ಲ, ತಿಳಿನೀರೇ ಸಾಕು. ಮೊಟ್ಟೆಯಿಟ್ಟ ವಾರ, ಹತ್ತು ದಿನದಲ್ಲಿ ರೆಕ್ಕೆ ಬರುತ್ತದಂತೆ. ನನ್ನ ಮುಖ ಸಣ್ಣದಾಯಿತು.

"ಸರಿ, ನನ್ನದು ತಪ್ಪು. ಆ ಮನೆಗೆ?" ಎಂದೆ.

"ಬೀಗಕ್ಕೆ ಹೇಗಮ್ಮ ದಂಡ ಹಾಕೋದು? ಯಾರ ಹೆಸರಿಗೆ ಬರೀಲಿ?" ಎಂದು ನಕ್ಕು, ತಟ್ಟೆಯ ನೀರು ಚೆಲ್ಲಿ ಹೋದಳು.

ಆ ಮಾತು ತಿಂಗಳುಗಟ್ಟಲೆ ತಲೆಯಲ್ಲೇ ಉಳಿಯಿತು. ಮಾಘದಲ್ಲಿ ತವರಿನ ಕಡೆಯ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಮ್ಮೂರ ಪಕ್ಕದ ಮನೆಯ ಅತ್ತಿಗೆ ಸಿಕ್ಕರು. ಕುಶಲ ಕೇಳಿದ ಮೇಲೆ ಮೆಲ್ಲಗೆ, "ನಿಮ್ಮ ಮನೆ ಗೋಡೆ ಈ ಮಳೆಗಾಲ ನಮ್ಮ ಕೊಟ್ಟಿಗೆ ಮೇಲೆ ಬಿತ್ತು ಕಣೆ. ಕರು ಹೇಗೋ ಉಳೀತು. ಯಾರಿಗೆ ಹೇಳೋದು ಅಂತ ಸುಮ್ಮನಾದ್ವಿ" ಎಂದರು. ಎಲೆಯಲ್ಲಿದ್ದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ತವರುಮನೆಗೂ ಬೀಗ ಬಿದ್ದು ಹನ್ನೊಂದು ವರ್ಷ. ಅಪ್ಪ ಹೋದ ಮೇಲೆ ಮೂವರು ಅಣ್ಣಂದಿರು, ಅಕ್ಕ, ನಾನು. ಹಂಚಿಕೆ ಮುಗಿದಿಲ್ಲ, ಒಬ್ಬರಿಗೆ ಮಾರುವ ಮನಸ್ಸು, ಇನ್ನೊಬ್ಬರಿಗೆ ಉಳಿಸುವ ಮನಸ್ಸು. ಐವರಿಗೂ ಪಾಲಿದೆ, ಒಬ್ಬರ ಕೈಯಲ್ಲೂ ಪೊರಕೆಯಿಲ್ಲ. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಾಗ ಹೆಮ್ಮೆಪಟ್ಟವಳು ನಾನು. ಪಾಲು ಬಂದ ಮೇಲೆ ಬೀಳುವ ಗೋಡೆಯಲ್ಲೂ ಐದನೇ ಒಂದು ಭಾಗ ನನ್ನದೇ ಅಲ್ಲವೆ? ಅದು ಆವತ್ತಿನವರೆಗೂ ಹೊಳೆದಿರಲಿಲ್ಲ. ಅಲ್ಲಿಯ ಅತ್ತಿಗೆಗೆ ನಾನೇ ಆ ಪುಣೆಯವರು, ಹೊರದೇಶದವರು.

ಹಾಗೆಂದು ದಂಡ ಬೇಡ ಎನ್ನಲಾರೆ. ಬೇಕೇ ಬೇಕು. ಬೀಳುವ ಮನೆಯ ಮಾಲೀಕರಿಗೆ ನೋಟಿಸು ಕೊಡುವ ಅಧಿಕಾರ 1964ರ ಪುರಸಭೆ ಕಾಯ್ದೆಯಲ್ಲೇ ಇದೆ. ಆದರೆ ನೋಟಿಸನ್ನು ಬೀಗದ ಮೇಲೆ ಅಂಟಿಸಿ ಬಂದರೆ ಗಾಳಿ ಓದುತ್ತದೆ, ಅಷ್ಟೆ. ಪಾಲುದಾರರು ಎಷ್ಟು ಮಂದಿಯೋ ಅಷ್ಟೂ ಮನೆಗೆ ಅದು ಮುಟ್ಟಬೇಕು. ಪೌರಕಾರ್ಮಿಕರೇ ಗಿಡ ಕಡಿದು, ತೊಟ್ಟಿ ಮುಚ್ಚಿ, ಖರ್ಚನ್ನು ಕಂದಾಯಕ್ಕೆ ಸೇರಿಸಲಿ. ಮಾರುವ ದಿನವಾದರೂ ಅದು ಎದುರು ಬಂದು ನಿಲ್ಲುತ್ತದೆ. ಕೈಯಲ್ಲಾಗದ ಒಂಟಿ ಮುದುಕಿಯ ಹರಕು ಮನೆಗೆ ಮಾತ್ರ ದಂಡದ ಬದಲು ಸಹಾಯ ಸಿಗಲಿ. ಬಡತನಕ್ಕೂ ಉದಾಸೀನಕ್ಕೂ ವ್ಯತ್ಯಾಸ ಬೀದಿಯವರಿಗೆಲ್ಲ ಗೊತ್ತೇ ಇರುತ್ತದೆ.

ಮದುವೆಯಿಂದ ಬಂದ ರಾತ್ರಿಯೇ ಅಣ್ಣಂದಿರಿಗೆ ಫೋನು ಮಾಡಿದೆ. "ಹಂಚಿಕೆ ಆಮೇಲೆ ಆಗಲಿ. ಕೊಟ್ಟಿಗೆ ಕಟ್ಟಿಸಿಕೊಡೋಣ, ಉಳಿದ ಗೋಡೆ ಇಳಿಸೋಣ. ಖರ್ಚು ಐದು ಪಾಲು" ಎಂದೆ. ದೊಡ್ಡಣ್ಣ, "ಹೆಣ್ಣುಮಕ್ಕಳು ನೀವ್ಯಾಕೆ ಕೊಡ್ತೀರೇ?" ಎಂದ. "ಪಾಲು ತಗೊಳ್ಳುವಾಗ ಹಾಗನ್ನಲ್ವಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾನುವಾರ ಹೋಗಿ ನೋಡ್ಕೊಂಡು ಬರ್ತೀನಿ" ಎಂದ.

ಯುಗಾದಿಗೆ ಮೊದಲು ಕೊಟ್ಟಿಗೆ ಎದ್ದಿತು. ಪುಣೆಯವರ ವಿಳಾಸವನ್ನೂ ಹುಡುಕಿ ಕಾಗದ ಬರೆದಿದ್ದೇನೆ. ಬೈಗುಳ ಒಂದೂ ಇಲ್ಲ. ನನ್ನ ತವರಿನ ಗೋಡೆಯ ಕಥೆಯನ್ನಷ್ಟೇ ಬರೆದೆ.