ಮರೆವಿಗೆ ಸೋಮಾರಿತನ ಅನ್ಬೇಡಿ

ಈಚೆಗೆ ಬಂದೋರು ಹೋದೋರೆಲ್ಲ ನನ್ನ ಒಂದೇ ಮಾತು ಕೇಳ್ತೀರಿ. "ನಿಮ್ಮ ಮೈದ್ನ ಈಗ ಸರಿಯಾಗವ್ನಲ್ಲ, ಇನ್ನೂ ಯಾಕೆ ಆ ಮಾತ್ರೆ? ಅದ್ನ ತಿಂದೇ ಮಂಕಾಗವ್ನೆ, ನಿಲ್ಲಿಸ್ಬುಡಿ" ಅಂತ. ಕೇಳೀ ಕೇಳೀ ನನ್ನ ವಾರಗಿತ್ತಿನೂ ಅರ್ಧ ಮನಸ್ಸು ಮಾಡ್ಕೊಂಡವ್ಳೆ. ಒಬ್ಬೊಬ್ಬರಿಗೂ ಹೇಳೋ ಬದ್ಲು ಎಲ್ಲಾರ್ಗೂ ಒಂದೇ ಸಲ ಬರೀತೀನಿ. ಅವನನ್ನೂ ಕೇಳ್ದೆ. "ಬರೀರಿ ಅತ್ಗೆ, ಹೆಸ್ರು ಮಾತ್ರ ಹಾಕ್ಬೇಡಿ" ಅಂದ.

ಅವನಿಗಿರೋದು ಬೈಪೋಲಾರ್ ಕಾಯಿಲೆ. ಒಂದು ಸಲ ಉಬ್ಬಿದ್ರೆ ವಾರಗಟ್ಲೆ ನಿದ್ದೆ ಇಲ್ಲ, ಬಾಯಿ ನಿಲ್ಲಲ್ಲ, ಕೈಲಿ ದುಡ್ಡು ನಿಲ್ಲಲ್ಲ. ಇನ್ನೊಂದು ಸಲ ಕುಗ್ಗಿದ್ರೆ ಮೂಲೆ ಹಿಡಿದು ಮಲಗ್ತಾನೆ, ಉಣ್ಣಕ್ಕೂ ಏಳಲ್ಲ. ನಾಲ್ಕು ವರ್ಷದಿಂದ ಎರಡೂ ಬಂದಿಲ್ಲ. ಆದ್ರೆ ಮರೆವು ಉಳ್ಕೊಂಡದೆ. ಹುಳದ ಮನೇಲಿ ಯಾವ ತಟ್ಟೆಗೆ ಸೊಪ್ಪು ಹಾಕಿದ್ದೆ, ಯಾವ್ದಕ್ಕೆ ಹಾಕಿಲ್ಲ ಅಂತ ನಿಂತ್ಬುಡ್ತಾನೆ. ರಾಮನಗರದ ಗೂಡಿನ ಮಾರ್ಕೆಟ್ಟಿಂದ ಬಂದು ತೂಕ, ರೇಟು ಎಲ್ಲ ಬಾಯಲ್ಲೇ ಹೇಳ್ತಿದ್ದೋನು, ಈಗ ಚೀಟಿ ನೋಡಿ ಎರಡೆರಡು ಸಲ ಕೂಡ್ತಾನೆ. ಅದ್ಕೆ ಜನ ಮೈಗಳ್ಳ ಅಂತಾರೆ.

ಮೈಗಳ್ಳತನ ಅಲ್ಲ ಕಣ್ರವ್ವ ಅದು. ಈ ಕಾಯಿಲೆ ಇರೋ ಎಲ್ಲಾರ್ಗೂ ಅಲ್ದಿದ್ರೂ ಸುಮಾರು ಜನಕ್ಕೆ, ಉಬ್ಬೂ ಇಲ್ದೆ ಕುಗ್ಗೂ ಇಲ್ದೆ ಚೆನ್ನಾಗಿರೋ ಕಾಲದಲ್ಲೂ ನೆನಪು, ಗಮನ, ಲೆಕ್ಕಾಚಾರದ ಚುರುಕು ಸ್ವಲ್ಪ ಕಮ್ಮಿ ಇರ್ತದೆ. ಯಾಕೆ ಅಂತ ಹುಡುಕ್ತಿರೋ ಡಾಕ್ಟ್ರುಗಳು ನೋಡ್ತಿರೋ ಕಾರಣಗಳಲ್ಲಿ ಒಂದು ಉರಿಯೂತ.

ಉರಿಯೂತ ಅಂದ್ರೆ ನಮಗೆ ಹೊಸದೇನಲ್ಲ. ಕಾಲಿಗೆ ಜಾಲಿಮುಳ್ಳು ಚುಚ್ಚಿದ್ರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದ್ಕತದಲ್ಲ, ಅದೇ. ದೇಹ ತನ್ನ ಕಾಪಾಡ್ಕಳ್ಳಕ್ಕೆ ಹೊತ್ತಿಸ್ಕಳ್ಳೋ ಬೆಂಕಿ. ಮುಳ್ಳು ತೆಗೆದು ಗಾಯ ಮಾಗಿದ್ರೆ ಆರೋಯ್ತದೆ. ಕೆಲವರಲ್ಲಿ ಮಾತ್ರ ಪೂರ್ತಿ ಆರಲ್ಲ. ಹೊರಗೆ ಏನೂ ಕಾಣ್ಸಲ್ಲ, ಒಳಗೆ ಬೂದಿ ಮುಚ್ಚಿದ ಕೆಂಡ ಇದ್ದಂಗೆ ಇರ್ತದೆ.

ಕಾಲಿನ ಬೆಂಕಿಗೂ ತಲೆಗೂ ಏನು ಸಂಬಂಧ ಅಂತೀರಾ? ಜ್ವರ ಬಂದ ದಿನ ನೆನಸ್ಕಳ್ಳಿ. ಕುಕ್ಕರ್ ಎಷ್ಟು ಕೂಗ್ತು ಅನ್ನೋದೂ ನೆನಪಿರಲ್ಲ, ಯಾರ ಮಾತೂ ತಲೆಗೆ ಹೋಗಲ್ಲ, ಮಲಗಿದ್ರೆ ಸಾಕು ಅನ್ಸ್ತದೆ. ಉರಿಯೂತ ಆದಾಗ ರಕ್ತದಲ್ಲಿ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಅನ್ನೋ ಅಂಶಗಳು ಜಾಸ್ತಿ ಆಯ್ತವೆ. ಅವು ಮೆದುಳಿಗೂ ಸುದ್ದಿ ಮುಟ್ಟಿಸ್ತವೆ. ನಮಗೆ ನಾಲ್ಕು ದಿನದ ಮಂಕು, ಆಮೇಲೆ ಸರಿ. ಆ ಸುದ್ದಿ ವರ್ಷಗಟ್ಲೆ ಸಣ್ಣಗೆ ಬರ್ತಾನೇ ಇದ್ರೆ ನೆನಪಿನ ಜಾಗಕ್ಕೆ ಏಟು ಬೀಳ್ತದಾ ಅನ್ನೋದೇ ಡಾಕ್ಟ್ರುಗಳ ಪ್ರಶ್ನೆ.

ರಕ್ತದಲ್ಲಿ ಇದನ್ನ ಅಳೆಯೋಕೆ ಹೆಚ್ಚಾಗಿ ಮಾಡ್ಸೋದು ಸಿಆರ್‌ಪಿ. ಇದನ್ನ 1930ರಲ್ಲಿ ನ್ಯೂಯಾರ್ಕಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದ್ರು. ಬೈಪೋಲಾರ್ ಇರೋರಲ್ಲಿ ಸರಾಸರಿ ಇದು ಬೇರೆಯೋರಿಗಿಂತ ಸ್ವಲ್ಪ ಜಾಸ್ತಿ, ಉಬ್ಬಿದ ಕಾಲದಲ್ಲಿ ಇನ್ನೂ ಜಾಸ್ತಿ ಅಂತ ಬಹಳ ಅಧ್ಯಯನಗಳಲ್ಲಿ ಕಂಡದೆ. ಜಾಸ್ತಿ ಇರೋರು ನೆನಪಿನ ಪರೀಕ್ಷೇಲಿ ಹಿಂದೆ ಬಿದ್ದಿದ್ದೂ ಕೆಲವದ್ರಲ್ಲಿ ಅದೆ, ಇನ್ನು ಕೆಲವದ್ರಲ್ಲಿ ಹಂಗೇನೂ ಕಂಡಿಲ್ಲ. ಎರಡೂ ಒಟ್ಟಿಗೆ ಅವೆ ಅಂದ್ರೆ ಒಂದರಿಂದ್ಲೇ ಇನ್ನೊಂದು ಅಂತ ಅಲ್ಲ. ಮೈತೂಕ, ಸಕ್ಕರೆ ಕಾಯಿಲೆ, ಬೀಡಿ, ನಿದ್ದೆಗೇಡು ಇವೂ ಸಿಆರ್‌ಪಿ ಏರಿಸ್ತವೆ. ಈ ಕಾಯಿಲೆಯ ಕೆಲವು ಮಾತ್ರೆ ತೂಕ ಏರಿಸ್ತವೆ.

ನಮ್ಮನೇಲೇ ಆಗಿದ್ದು ಹೇಳ್ತೀನಿ. ಒಂದ್ಸಲ ಮೈದ್ನನ ರಿಪೋರ್ಟಲ್ಲಿ ಸಿಆರ್‌ಪಿ ಜಾಸ್ತಿ ಬಂದಿತ್ತು. ಕಾಯಿಲೆ ತಿರುಗ ಬಂತಾ ಅಂತ ವಾರಗಿತ್ತಿ ಕಣ್ಣೀರು ಹಾಕಿದ್ಳು. ನೋಡಿದ್ರೆ ದವಡೆ ಹಲ್ಲು ಕೀವಾಗಿತ್ತು. ಹಲ್ಲು ಕೀಳಿಸಿದ ಮೇಲೆ ಇಳೀತು. ಸಿಆರ್‌ಪಿ ಊರ ಮೇಲೆ ಕಾಣೋ ಹೊಗೆ ಇದ್ದಂಗೆ. ಎಲ್ಲೋ ಬೆಂಕಿ ಅದೆ ಅಂತ ಹೇಳ್ತದೆ, ಯಾರ ಮನೆ ಒಲೆ ಅಂತ ಹೇಳಲ್ಲ. ಬೈಪೋಲಾರ್ ಅದೆಯೋ ಇಲ್ವೋ ಅಂತ ತಿಳಿಯೋ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಯಾರಾದ್ರೂ ಅಂಥದ್ದು ಮಾಡ್ತೀವಿ ಅಂದ್ರೆ ದುಡ್ಡು ಕೊಡ್ಬೇಡಿ.

ಇಂಥ ಕೆಲಸ ನಮ್ಮ ಹತ್ರಾನೇ ನಡೀತದೆ. 1974ರಲ್ಲಿ ಶುರುವಾದ ನಿಮ್ಹಾನ್ಸ್ ಗೊತ್ತಲ್ಲ, ಅಲ್ಲಿಯೋರು ಬೆಂಗಳೂರಿನ ಎನ್‌ಸಿಬಿಎಸ್, ಇನ್‌ಸ್ಟೆಮ್ ಜೊತೆ ಸೇರಿ, ಒಂದೇ ಮನೇಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬೈಪೋಲಾರ್‌ನಂಥ ಕಾಯಿಲೆ ಬಂದಿರೋ ಕುಟುಂಬಗಳನ್ನ ನೋಡ್ತವ್ರೆ. ಕಾಯಿಲೆ ಇರೋರ್ದು, ಇಲ್ದೆ ಇರೋ ಅಣ್ತಮ್ಮಂದಿರ್ದು ರಕ್ತಾನೂ ತಗೊಂತಾರೆ, ನೆನಪಿನ ಪರೀಕ್ಷೇನೂ ಮಾಡ್ತಾರೆ. ಗಾಳಿ, ಮಾಟ ಅಂತ ನಾವು ಅಂದ್ಕೊಂಡಿದ್ದು ಮೈಯ ಕಾಯಿಲೇನೂ ಹೌದು ಅಂತ ಇದ್ರಿಂದ್ಲೇ ಗೊತ್ತಾಯ್ತದೆ.

ಹಂಗಾದ್ರೆ ಉರಿಯೂತದ ಮಾತ್ರೆ ಕೊಟ್ರಾಯ್ತಲ್ಲ ಅಂತ ನಾನೂ ಕೇಳ್ದೆ. ಅದನ್ನೂ ನೋಡವ್ರೆ. ಪಾಕಿಸ್ತಾನದಲ್ಲಿ ಬೈಪೋಲಾರ್‌ನ ಖಿನ್ನತೆ ಇದ್ದ 266 ಜನಕ್ಕೆ ಮಿನೊಸೈಕ್ಲಿನ್, ಸೆಲಿಕಾಕ್ಸಿಬ್ ಕೊಟ್ಟು ನೋಡಿದ್ರು. 2020ರಲ್ಲಿ ಬಂದ ಫಲಿತಾಂಶ, ಉತ್ತುತ್ತ ಮಾತ್ರೆಗಿಂತ ಹೆಚ್ಚೇನೂ ಗುಣ ಇಲ್ಲ. ಅರಿಶಿನದ ಹಾಲು ಕುಡೀಲಿ, ಬೇಡ ಅನ್ನಲ್ಲ. ಮಾತ್ರೆ ಬದ್ಲು ಅದನ್ನೇ ಕೊಡಂಗಿಲ್ಲ.

ಇದೊಂದ ಎಲ್ಲಾರೂ ನೆನಪಿಟ್ಕಳ್ಳಿ. ಮೈದ್ನ ತಗೊಳ್ಳೋದು ಲಿಥಿಯಂ. ಅದು ರಕ್ತದಲ್ಲಿ ಹದವಾಗೇ ಇರ್ಬೇಕು, ಅದ್ಕೇ ಆಗಾಗ ರಕ್ತ ಕೊಟ್ಟು ನೋಡೋದು. ಮಂಡಿ ನೋವು, ಹಲ್ಲು ನೋವು ಅಂತ ಅಂಗ್ಡೀಲಿ ಕೇಳಿ ತರೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಲಿಥಿಯಂ ಜೊತೆ ಸೇರಿದ್ರೆ ಅದು ಮೈಯಿಂದ ಹೊರಗೆ ಹೋಗದೆ ರಕ್ತದಲ್ಲಿ ಏರ್ತದೆ. ಬಿಸ್ಲಲ್ಲಿ ನೀರು ಕುಡೀದೆ ಗೇದ್ರೂ, ವಾಂತಿ ಭೇದಿ ಆದ್ರೂ ಏರ್ತದೆ. ಕೈ ನಡುಕ ಜಾಸ್ತಿಯಾಗೋದು, ಕಾಲು ತೂರಾಡೋದು, ಮಾತು ತೊದಲೋದು ಕಂಡ್ರೆ ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಇನ್ನು ಮಾತ್ರೆಯಿಂದ್ಲೇ ಮಂಕು ಅನ್ನೋ ಮಾತು. ಅದು ಪೂರ್ತಿ ಸುಳ್ಳಲ್ಲ. ಕೆಲವು ಮಾತ್ರೆ ಜಡ ಮಾಡ್ತವೆ. ಲಿಥಿಯಂನಿಂದ ಥೈರಾಯ್ಡ್ ಇಳಿದ್ರೂ ಮಂಕಾಯ್ತದೆ. ಅದನ್ನ ಡಾಕ್ಟ್ರ ಮುಂದೆ ಬಾಯಿಬಿಟ್ಟು ಹೇಳ್ಬೇಕು. ಅವರು ಪರೀಕ್ಷೆ ಮಾಡಿ ಪ್ರಮಾಣ ಬದಲಾಯಿಸ್ತಾರೆ, ಇಲ್ಲ ಬೇರೆ ಕೊಡ್ತಾರೆ. ನಾವೇ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬತ್ತದೆ. ಹೆಚ್ಚು ಸಲ ಕಾಯಿಲೆ ಮರುಕಳಿಸಿದೋರಲ್ಲೇ ನೆನಪು ಹೆಚ್ಚು ಕುಗ್ಗಿರೋದು ಕಾಣ್ತದೆ. ಚುರುಕಾಗ್ಲಿ ಅಂತ ಮಾತ್ರೆ ಬಿಡ್ಸೋಕೆ ಹೋಗಿ ಇರೋ ಚುರುಕನ್ನೂ ಕಳೀತೀವಿ.

ಮನೇಲಿ ನಾವು ಮಾಡ್ತಿರೋದು ಇಷ್ಟೆ. ರಾತ್ರಿ ಹತ್ತಕ್ಕೆ ಮಲಗೋದು, ಹಬ್ಬ ಜಾತ್ರೆ ಅಂದ್ರೂ ನಿದ್ದೆ ಕೆಡಿಸಲ್ಲ. ಬೀಡಿ ಬಿಡ್ಸಿದ್ದೀವಿ. ಸಕ್ಕರೆ, ಬಿಪಿ ನೋಡಿಸ್ತೀವಿ. ಲೆಕ್ಕ ಅವನೇ ಬರೀತಾನೆ, ಬೆಳಗ್ಗೆ ಹೊತ್ತು, ಒಂದೇ ಪುಸ್ತಕದಲ್ಲಿ. ಸೊಪ್ಪು ಹಾಕಿದ ತಟ್ಟೆಗೆ ಸುಣ್ಣದ ಗುರುತು. ಒಂದೇ ಉಸಿರಲ್ಲಿ ನಾಲ್ಕು ಕೆಲಸ ಹೇಳಲ್ಲ.

ಹುಳ ಸಾಕಿದ ನಿಮಗೆ ನಾನು ಹೇಳ್ಬೇಕಾ? ಹುಳ ಜ್ವರಕ್ಕೆ ಕೂತಾಗ ತಲೆ ಎತ್ಕೊಂಡು ಸುಮ್ನೆ ಇರ್ತದೆ, ಸೊಪ್ಪು ಮುಟ್ಟಲ್ಲ. ಸೋಮಾರಿ ಹುಳ ಅಂತ ಯಾರಾದ್ರೂ ಬಯ್ದದ್ದುಂಟಾ? ಒಳಗೆ ಕೆಲಸ ನಡೀತದೆ ಅಂತ ಕಾಯ್ತೀವಿ. ಮನುಷ್ಯನಿಗೂ ಅಷ್ಟು ತಾಳ್ಮೆ ತೋರ್ಸಿ.

ನಿಮ್ಮನೇಲೂ ಇಂಥೋರಿದ್ರೆ ಮುಚ್ಚಿಡ್ಬೇಡಿ. ಮನೋಚೈತನ್ಯ ಅನ್ನೋ ಹೆಸರಲ್ಲಿ ತಾಲೂಕು ಆಸ್ಪತ್ರೇಲಿ ಮಂಗಳವಾರ ಮನೋವೈದ್ಯರು ನೋಡೋ ಏರ್ಪಾಡು ನಮ್ಮ ರಾಜ್ಯದಲ್ಲದೆ. ಹೋಗೋ ಮುಂಚೆ ಆಸ್ಪತ್ರೇಲಿ ಒಂದು ಮಾತು ಕೇಳ್ಕಳ್ಳಿ. ಫೋನಲ್ಲೇ ಮಾತಾಡ್ಬೇಕು ಅಂದ್ರೆ ಟೆಲಿ ಮಾನಸ್ ನಂಬರು 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನನ್ನ ವಾರಗಿತ್ತಿಗೆ ಮಾತ್ರೆ ಬಿಡ್ಸು ಅಂತ ಹೇಳೋ ಬದ್ಲು ಈ ನಂಬರು ಹೇಳಿ.