ಪರದೇಶದಲ್ಲಿ ಮಗಳಿಗೊಂದು ಶಾಲೆ

ಕೊಲ್ಲಿ ರಾಷ್ಟ್ರಗಳಿಗೆ ಕುಟುಂಬ ಸಮೇತ ಹೊರಟವರ ಮನೆಯಲ್ಲಿ ಮೊದಲು ನಡೆಯುವುದು ಬಾಡಿಗೆಯ ಚರ್ಚೆ, ಅನಂತರ ವೀಸಾದ್ದು. ಇವೆರಡನ್ನೂ ಗಂಡಸರು ಫೋನಿನಲ್ಲೇ ಮಾತನಾಡಿ ಮುಗಿಸುತ್ತಾರೆ. ಮೂರನೆಯದು ಮಗುವಿನ ಶಾಲೆ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಸಲಹೆ ಎಲ್ಲರೂ ಕೊಡುತ್ತಾರೆ. ಕೊನೆಗೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಶಾಲೆಯ ಕಚೇರಿಯ ಮುಂದೆ ಕಾಯುವವಳು ತಾಯಿ.

ನಾನು ಹಾಗೆ ಕಾದದ್ದು 2023ರ ಜನವರಿಯಲ್ಲಿ. ನನ್ನ ಇಬ್ಬರು ಗಂಡುಮಕ್ಕಳು ಊರಿನಲ್ಲೇ ಓದಿದವರು. ಅವರ ವಿಷಯದಲ್ಲಿ ಆಯ್ಕೆಯೆಂಬುದೇ ಇರಲಿಲ್ಲ. ಬೆಳಿಗ್ಗೆ ಮದ್ರಸ, ಅದು ಬಿಟ್ಟೊಡನೆ ಪಕ್ಕದ ಶಾಲೆ. ಬಹಳ ವರ್ಷಗಳ ನಂತರ ಅಲ್ಲಾಹನು ಕರುಣಿಸಿದ ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ನಾವು ಅಲ್ ನಹ್ದಾದಲ್ಲಿದ್ದೆವು. ಈ ಹೆಸರಿನ ಬಡಾವಣೆ ದುಬೈಯಲ್ಲೂ ಇದೆ, ಶಾರ್ಜಾದಲ್ಲೂ ಇದೆ. ಎರಡೂ ಬೆನ್ನಿಗೆ ಬೆನ್ನು ತಾಗಿಸಿಕೊಂಡಿವೆ. ನಮ್ಮ ಕಡೆಯ ಹೆಚ್ಚಿನವರಂತೆ ನಾವೂ ಬಾಡಿಗೆ ಕಡಿಮೆಯಿರುವ ಶಾರ್ಜಾದ ಬದಿಯಲ್ಲಿದ್ದೆವು. ಪತಿಯ ಕೆಲಸ ದುಬೈಯ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ. ಮಕ್ಕಳ ಶಾಲೆಗೆಂದು ಸಂಸ್ಥೆಯಿಂದ ಒಂದು ದಿರ್ಹಮ್ ಕೂಡ ಬರುವುದಿಲ್ಲ.

ನಮ್ಮೂರಿನಲ್ಲಿ 'ಇಂಟರ್‌ನ್ಯಾಶನಲ್ ಸ್ಕೂಲ್' ಎಂದರೆ ಬಣ್ಣದ ಗೋಡೆ, ಹಳದಿ ಬಸ್ಸು, ಟೈ ಕಟ್ಟಿದ ಮಕ್ಕಳು. ಅಲ್ಲಿ ಈ ಮಾತಿಗೆ ಬೇರೆ ಅರ್ಥವಿದೆ. ಯಾವ ದೇಶದ ಪಠ್ಯಕ್ರಮ ಎಂಬುದೇ ಮೊದಲ ಪ್ರಶ್ನೆ. ಬ್ರಿಟಿಷ್, ಅಮೆರಿಕನ್, ಭಾರತೀಯ ಪಠ್ಯಕ್ರಮಗಳಿವೆ. ಭಾರತೀಯದಲ್ಲೂ ಸಿಬಿಎಸ್‌ಇ ಮತ್ತು ಐಸಿಎಸ್‌ಇ ಇವೆ. ಇವಲ್ಲದೆ ಐಬಿ ಎಂಬುದೊಂದು. 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಈ ವ್ಯವಸ್ಥೆ, ದೇಶದಿಂದ ದೇಶಕ್ಕೆ ವರ್ಗವಾಗುತ್ತಿದ್ದ ಅಧಿಕಾರಿಗಳ ಮಕ್ಕಳನ್ನು ಮುಂದಿಟ್ಟುಕೊಂಡು ರೂಪುಗೊಂಡದ್ದು. ಇಂದು ಜಿನೀವಾ, ನಾಳೆ ನ್ಯೂಯಾರ್ಕ್ ಎನ್ನುವವರಿಗೆ ಅದು ನಿಜಕ್ಕೂ ಅನುಕೂಲ. ಇಂದು ಶಾರ್ಜಾ, ನಾಳೆ ಬಂಟ್ವಾಳ ಎನ್ನುವ ನಮ್ಮಂಥವರನ್ನು ಕಂಡು ಯಾರೂ ಪಠ್ಯಕ್ರಮ ರೂಪಿಸಿಲ್ಲ.

ನನ್ನ ಮೈದುನ ಬ್ರಿಟಿಷ್ ಶಾಲೆಯ ಪರ. "ಅತ್ತಿಗೆ, ಇರುವುದೊಂದು ಹೆಣ್ಣುಮಗಳು, ಖರ್ಚು ನೋಡಬೇಡಿ" ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು. ನಾವು ವಿಚಾರಿಸಿದ ಬ್ರಿಟಿಷ್ ಶಾಲೆಯ ಶುಲ್ಕ ವರ್ಷಕ್ಕೆ 30 ಸಾವಿರ ದಿರ್ಹಮಿಗಿಂತ ಹೆಚ್ಚು. ಅಲ್ ಕುಸೈಸ್‌ನ ಭಾರತೀಯ ಶಾಲೆಯಲ್ಲಿ ಅದರ ಕಾಲುಭಾಗ. ಆದರೆ ಹಣದ ವಿಷಯ ಮಾತ್ರ ಆಗಿದ್ದರೆ ಬೇಗ ತೀರ್ಮಾನವಾಗುತ್ತಿತ್ತು. ಪತಿಯ ಬಳಿ ನಾನು ಕೇಳಿದ್ದು ಬೇರೊಂದು ಪ್ರಶ್ನೆ. "ನಾವು ಇಲ್ಲಿ ಎಷ್ಟು ವರ್ಷ ಇರುತ್ತೇವೆ?"

ಸಹೋದರಿಯರೇ, ಪರದೇಶದಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಗಂಡನ ಮುಖ ಸಪ್ಪಗಾಗುತ್ತದೆ. ಕೆಲಸವಿದ್ದರೆ ವೀಸಾ, ವೀಸಾ ಇದ್ದರೆ ಮನೆ, ಮನೆ ಇದ್ದರೆ ಶಾಲೆ. ಕೆಲಸ ಹೋದರೆ ಕೆಲವು ತಿಂಗಳೊಳಗೆ ಎಲ್ಲವನ್ನೂ ಮಡಚಿಡಬೇಕು. ನನ್ನ ನಾದಿನಿಯ ಕುಟುಂಬ ಸೌದಿಯ ದಮ್ಮಾಮಿನಲ್ಲಿತ್ತು. 2017ರ ಜುಲೈಯಿಂದ ಅಲ್ಲಿನ ಸರ್ಕಾರ ವಿದೇಶಿ ಕೆಲಸಗಾರರ ಅವಲಂಬಿತರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷ ವರ್ಷವೂ ನೂರರಂತೆ ಏರಿ 2020ಕ್ಕೆ 400 ಆಯಿತು. ನಾದಿನಿ ಮತ್ತು ಮೂವರು ಮಕ್ಕಳು, ಒಟ್ಟು ನಾಲ್ಕು ತಲೆ. ತಿಂಗಳಿಗೆ 400ರಿಂದ ತೊಡಗಿ 1,600 ರಿಯಾಲ್‌ಗೆ ಹೋಗುವ ಲೆಕ್ಕ ಕಣ್ಣೆದುರಿಗಿತ್ತು. 2018ರಲ್ಲಿ ಆಕೆ ಮಕ್ಕಳೊಂದಿಗೆ ಊರಿಗೆ ಮರಳಿದಳು. ಗಂಡ ಅಲ್ಲೇ ಉಳಿದರು. ಆ ವರ್ಷಗಳಲ್ಲಿ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಹೀಗಾಯಿತೆಂದು ನಿಮಗೆ ಗೊತ್ತು. ಆದರೆ ನಾದಿನಿಯ ಮಕ್ಕಳು ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಯಲ್ಲಿದ್ದರು. ಮಂಗಳೂರಿನ ಸಿಬಿಎಸ್‌ಇ ಶಾಲೆಗೆ ಸೇರಿದಾಗ ಅದೇ ಗಣಿತ, ಅದೇ ವಿಜ್ಞಾನ. ಕನ್ನಡವೊಂದನ್ನು ಬಿಟ್ಟರೆ ಬೇರೆಲ್ಲೂ ಎಡವಲಿಲ್ಲ.

ಪತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ವರ್ಷ, ಹೆಚ್ಚೆಂದರೆ ಏಳು" ಎಂದರು. ಅಂದರೆ ಮಗಳು ಪ್ರಾಥಮಿಕ ಶಾಲೆಯ ನಡುವೆಯೇ ಊರಿಗೆ ಮರಳುವವಳು. ಆ ಒಂದು ಉತ್ತರದಿಂದ ನಮ್ಮ ಪಟ್ಟಿಯ ಅರ್ಧಕ್ಕರ್ಧ ಶಾಲೆಗಳು ಬಿದ್ದುಹೋದವು.

ಹಾಗೆಂದು ಬ್ರಿಟಿಷ್ ಶಾಲೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೋಗಿ ನೋಡಿ ಬಂದೆ. ಚಿಕ್ಕ ಮಕ್ಕಳಿಗೆ ಮರಳು, ನೀರು, ಮರದ ಅಚ್ಚುಗಳು, ಕಥೆ. ಪೆನ್ಸಿಲಿಗೆ ಅವಸರವಿಲ್ಲ. ನಮ್ಮ ಭಾರತೀಯ ಶಾಲೆಗಳಲ್ಲಿ ನಾಲ್ಕು ವರ್ಷದ ಮಗುವಿಗೂ ಪುಟ ತುಂಬಾ ಬರೆಸುವ ಚಟವಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ ಅದು ಹಿಡಿಸುವುದಿಲ್ಲ. ಬೆರಳು ಬಲಿಯುವ ಮುನ್ನ ಬರೆಸಿದ ಅಕ್ಷರ ಸೊಟ್ಟಗಾಗುವುದಷ್ಟೇ ಅಲ್ಲ, ಅಕ್ಷರವೆಂದರೇನೇ ಮಗುವಿಗೆ ಬೇಸರ ಹಿಡಿಯುತ್ತದೆ. ಆ ಒಂದು ವಿಷಯದಲ್ಲಿ ಮೈದುನನ ಮಾತು ಸರಿಯಿತ್ತು.

ಇನ್ನೊಂದು ವಿಷಯದಲ್ಲಿ ಮಾತ್ರ ಅವನಿಗೆ ತಿಳಿಹೇಳಬೇಕಾಯಿತು. "ಅಲ್ಲಿ ಐದನೇ ವಯಸ್ಸಿಗೇ ಒಂದನೇ ತರಗತಿ, ಇಲ್ಲಿ ಇನ್ನೂ ಕೆಜಿ" ಎಂದು ಹಲವರು ಭಾವಿಸುತ್ತಾರೆ. ಬ್ರಿಟಿಷ್ ಶಾಲೆಯ 'ಇಯರ್ ಒನ್' ಎಂದರೆ ಭಾರತೀಯ ಶಾಲೆಯ ಕೆಜಿ 2. ಅವರ 'ಇಯರ್ ಟು' ನಮ್ಮ ಒಂದನೇ ತರಗತಿ. ಸಂಖ್ಯೆಯಷ್ಟೇ ಮುಂದೆ, ಮಗು ಮುಂದಲ್ಲ. ವರ್ಷ ಆರಂಭವಾಗುವ ತಿಂಗಳೂ ಬೇರೆ. ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ತೊಡಗುತ್ತವೆ, ವಯಸ್ಸಿನ ಲೆಕ್ಕ ಮಾರ್ಚ್ 31ಕ್ಕೆ. ಉಳಿದವು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿಗೆ. ಅವುಗಳ ವಯಸ್ಸಿನ ಲೆಕ್ಕ ಆಗ ಆಗಸ್ಟ್ 31ಕ್ಕಿತ್ತು, 2026-27ರ ಸಾಲಿನಿಂದ ಅದನ್ನು ಡಿಸೆಂಬರ್ 31ಕ್ಕೆ ಬದಲಿಸಿದ್ದಾರೆ. ಫೆಬ್ರವರಿಯಲ್ಲಿ ಹುಟ್ಟಿದ ನನ್ನ ಮಗಳಿಗೆ ಎರಡೂ ಕಡೆ ತೊಂದರೆಯಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳ ತಾಯಂದಿರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಪಠ್ಯಕ್ರಮ ಬದಲಿಸುವಾಗ ಇಂಥ ಮಗುವೇ ಸುಮ್ಮನೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ.

ದುಬೈಯ ಖಾಸಗಿ ಶಾಲೆಗಳನ್ನು ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಅದರ ತಪಾಸಕರು ತರಗತಿಯಲ್ಲಿ ಕುಳಿತು ನೋಡಿ ವರದಿ ಬರೆಯುತ್ತಿದ್ದರು. 'ಅತ್ಯುತ್ತಮ'ದಿಂದ 'ಅತಿ ದುರ್ಬಲ'ದವರೆಗೆ ಆರು ದರ್ಜೆಗಳು. ಈ ವರದಿಗಳನ್ನು ಯಾರು ಬೇಕಾದರೂ ಓದಬಹುದು. ನಮ್ಮವರು ದರ್ಜೆಯನ್ನಷ್ಟೇ ನೋಡಿ ಮುಚ್ಚಿಡುತ್ತಾರೆ. ನಾನು ಒಳಗಿನ ಪುಟಗಳನ್ನು ಓದಿದೆ. ಕೆಜಿ, ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ವಿಭಾಗಗಳಿಗೆ ಪ್ರತ್ಯೇಕ ಅಂಕಣಗಳಿರುತ್ತವೆ. ಹನ್ನೆರಡನೇ ತರಗತಿಯ ಫಲಿತಾಂಶಕ್ಕೆ ಹೆಸರಾದ ಒಂದು ಶಾಲೆಯ ಕೆಜಿ ಅಂಕಣ ಬಹಳ ಸಾಧಾರಣವಾಗಿತ್ತು. ನಾಲ್ಕು ವರ್ಷದ ಮಗುವಿಗೆ ಹನ್ನೆರಡನೇ ತರಗತಿಯ ಕೀರ್ತಿಯಿಂದ ಏನು ಪ್ರಯೋಜನ? ಇನ್ನೊಂದು ಸಂಗತಿ. 2024-25ರಿಂದ ಹಳೆಯ ಶಾಲೆಗಳ ಪೂರ್ಣ ತಪಾಸಣೆಯನ್ನು ಪ್ರಾಧಿಕಾರ ತಡೆಹಿಡಿದಿದೆ. ಆದ್ದರಿಂದ ಗೇಟಿನ ಮೇಲೆ ದರ್ಜೆಯ ಫಲಕ ಕಂಡರೆ ಅದು ಯಾವ ವರ್ಷದ್ದೆಂದು ಕೇಳಿ. ಆ ವರ್ಷದ ಶಿಕ್ಷಕಿಯರು ಈಗಲೂ ಅಲ್ಲಿದ್ದಾರೆಯೇ ಎಂದೂ ಕೇಳಿ.

ಮದ್ರಸದ ಉಸ್ತಾದಳಾದ ನಾನು ದೀನಿನ ಶಿಕ್ಷಣದ ಬಗ್ಗೆ ಏನು ಮಾಡಿದೆನೆಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಯುಎಇಯಲ್ಲಿ ಪಠ್ಯಕ್ರಮ ಯಾವುದೇ ಇರಲಿ, ಖಾಸಗಿ ಶಾಲೆಯ ಮುಸ್ಲಿಮ್ ಮಕ್ಕಳಿಗೆ ಇಸ್ಲಾಮೀ ಅಧ್ಯಯನ ಕಡ್ಡಾಯ. ಅರಬಿ ಭಾಷೆಯೂ ಅರಬರಲ್ಲದ ಮಕ್ಕಳಿಗೆ ಒಂಬತ್ತನೇ ತರಗತಿಯವರೆಗೆ ಕಡ್ಡಾಯ. ದುಬೈಯಲ್ಲಿ 2025-26ರಿಂದ ಆರು ವರ್ಷದೊಳಗಿನವರಿಗೂ ಹಂತ ಹಂತವಾಗಿ ಅರಬಿ ತರುತ್ತಿದ್ದಾರೆ. ಹೀಗಾಗಿ 'ದೀನಿಗಾಗಿ ಆ ಶಾಲೆ, ದುನಿಯಾಕ್ಕಾಗಿ ಈ ಶಾಲೆ' ಎಂಬ ಊರಿನ ಗೊಂದಲ ಅಲ್ಲಿ ಅಷ್ಟಾಗಿ ಇಲ್ಲ. ಆದರೆ ಪಾಠದ ಪುಸ್ತಕ ಇಂಗ್ಲಿಷಿನಲ್ಲಿದೆ, ವಾರಕ್ಕೆ ಸಿಗುವುದು ಕೆಲವೇ ಪೀರಿಯಡ್‌ಗಳು. ಕುರ್‌ಆನ್ ಪಾರಾಯಣವನ್ನು ಅಕ್ಷರ ಅಕ್ಷರವಾಗಿ ತಿದ್ದಿ ಕೂರಿಸಲು ಅಷ್ಟು ಸಾಲದು. ತಜ್ವೀದ್ ಮಡಿಲಲ್ಲೇ ಕಲಿಯಬೇಕಾದ ವಿದ್ಯೆ. ಅದನ್ನು ಮೊದಲ ದಿನದಿಂದಲೂ ನನ್ನ ಪಾಲಿಗಿಟ್ಟುಕೊಂಡೆ. 'ಹೇಗೂ ಶಾಲೆಯಲ್ಲಿ ಕಲಿಸುತ್ತಾರಲ್ಲ' ಎಂದು ಸುಮ್ಮನಾಗುವ ತಾಯಂದಿರನ್ನು ಅಲ್ಲಿ ಬಹಳ ಕಂಡೆ. ಮಗ್ರಿಬ್ ನಂತರದ ಅರ್ಧ ಗಂಟೆ ಅವರಿಗೂ ಇದೆ.

ಇನ್ನು ಭಾಷೆ. ನಮ್ಮ ಮನೆಮಾತು ಬ್ಯಾರಿ. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ ಮಲಯಾಳದ ಕಿತಾಬು, ಶಾಲೆಯಲ್ಲಿ ಕನ್ನಡ. ಏಳು ವರ್ಷಕ್ಕೆ ಎರಡು ಲಿಪಿ ಓದುತ್ತಿದ್ದೆ, ಭಾರವೆನಿಸಲಿಲ್ಲ. ಏಕೆಂದರೆ ಮದ್ರಸದ ಉಸ್ತಾದರಿಗೂ ಶಾಲೆಯ ಟೀಚರಿಗೂ ನನ್ನ ಮಾತು ತಿಳಿಯುತ್ತಿತ್ತು. ಭಾಷೆಗಳು ಎಷ್ಟಿವೆ ಎಂಬುದು ಮಗುವಿಗೆ ದೊಡ್ಡ ವಿಷಯವಲ್ಲ. ಹೊಟ್ಟೆನೋವು ಬಂದಾಗ ಹೇಳಿದರೆ ತಿಳಿಯುವ ಒಬ್ಬರಾದರೂ ಆ ಕೋಣೆಯಲ್ಲಿರಬೇಕು, ಅದೇ ದೊಡ್ಡದು.

ನಾನು ನೋಡಿದ ಬ್ರಿಟಿಷ್ ಶಾಲೆಯಲ್ಲಿ ಶಿಕ್ಷಕಿ ಮಗಳಿಗೆ ಚಿತ್ರಗಳನ್ನು ತೋರಿಸಿ ಹೆಸರು ಕೇಳಿದರು. ಬಹಳ ಸೌಮ್ಯ ಸ್ವಭಾವದವರು, ತಾಳ್ಮೆಯಿಂದ ಕಾದರು. ಮಗಳು ನನ್ನ ಬುರ್ಖಾ ಹಿಡಿದು ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ಇಂಗ್ಲಿಷಿಗೆ ಹೆಚ್ಚಿನ ತರಗತಿ ಬೇಕಾಗುತ್ತದೆ, ಅದರ ಶುಲ್ಕ ಬೇರೆ ಎಂದು ಕಚೇರಿಯಲ್ಲಿ ತಿಳಿಸಿದರು. ಮರುವಾರ ಅಲ್ ಕುಸೈಸ್‌ನ ಭಾರತೀಯ ಶಾಲೆಗೆ ಹೋದೆವು. ಅಲ್ಲೂ ಚಿತ್ರಗಳೇ, ಅಲ್ಲೂ ಇಂಗ್ಲಿಷಿನಲ್ಲೇ ಪ್ರಶ್ನೆ. ಮೀನಿನ ಚಿತ್ರ ಬಂದಾಗ ಮಗಳು ಪಿಸುಮಾತಿನಲ್ಲಿ "ಮೀನ್" ಎಂದಳು. ಕೇರಳದ ಟೀಚರ್ ನಕ್ಕುಬಿಟ್ಟರು. ಅವರಿಗೂ ಅದು ಮೀನೇ. ಆಮೇಲೆ ಮಗಳು ಉಳಿದ ಚಿತ್ರಗಳಿಗೆಲ್ಲ ಬ್ಯಾರಿಯಲ್ಲೇ ಉತ್ತರ ಕೊಟ್ಟಳು. ಹತ್ತರಲ್ಲಿ ಏಳೆಂಟು ಅವರಿಗೆ ತಿಳಿಯಿತು. ತರಗತಿಯಲ್ಲಿ ಇಪ್ಪತ್ತೈದು ಮಕ್ಕಳು, ಕೋಣೆ ಅಷ್ಟೇನೂ ದೊಡ್ಡದಲ್ಲ, ಆಟದ ಅಂಗಳಕ್ಕೆ ನೆರಳು ಸಾಲದು. ಆದರೂ ಮನಸ್ಸು ಅಲ್ಲೇ ನಿಂತಿತು.

ಶೌಚಾಲಯವನ್ನು ನೋಡಿದೆನೆಂದು ಪತಿ ಈಗಲೂ ನಗುತ್ತಾರೆ. ನಗಲಿ. ನೀರು ಬರುತ್ತದೆಯೇ, ಮಗುವಿನ ಕೈಗೆ ಎಟಕುತ್ತದೆಯೇ, ಜೊತೆಗೆ ಹೋಗುವ ಆಯಾ ಯಾರು ಎಂಬುದನ್ನು ತಾಯಿಯಲ್ಲದೆ ಬೇರೆ ಯಾರು ವಿಚಾರಿಸುತ್ತಾರೆ?

ಕೊನೆಗೆ ತಲೆನೋವಾದದ್ದು ಬಸ್ಸು. ನಕ್ಷೆಯಲ್ಲಿ ನಮ್ಮ ಮನೆಯಿಂದ ಶಾಲೆಗೆ ಕೆಲವೇ ಕಿಲೋಮೀಟರ್. ಆದರೆ ಬೆಳಗಿನ ಹೊತ್ತು ಶಾರ್ಜಾದಿಂದ ದುಬೈಗೆ ಹೋಗುವ ವಾಹನಗಳ ಸಾಲನ್ನು ಕಂಡವರಿಗೆ ಗೊತ್ತು. ಬಸ್ಸಿನವನು ಆರು ಗಂಟೆಗೆ ಮಗುವನ್ನು ಕೆಳಗೆ ತನ್ನಿ ಎಂದ. ನಾಲ್ಕು ವರ್ಷದ ಮಗುವನ್ನು ಐದಕ್ಕೆ ಎಬ್ಬಿಸುವುದೆಂದರೇನು? ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ದುಬೈ ಬದಿಯಲ್ಲಿ, ಒಂದು ಕೋಣೆ ಕಡಿಮೆಯಿರುವ ಮನೆಯನ್ನು ಹೆಚ್ಚು ಬಾಡಿಗೆ ಕೊಟ್ಟು ಹಿಡಿದೆವು. ಬಸ್ಸಿನ ಹಣ ಉಳಿಯಿತು, ಆದರೂ ವರ್ಷದ ಲೆಕ್ಕದಲ್ಲಿ ನಮಗೆ ನಷ್ಟವೇ. ಲೆಕ್ಕಪತ್ರದವರಾದ ಪತಿ ಇದನ್ನು ಆಗಾಗ ನೆನಪಿಸುತ್ತಾರೆ. ಮಗಳು ಮಾತ್ರ ಆರೂವರೆವರೆಗೆ ನಿದ್ರಿಸುತ್ತಾಳೆ.

ಈಗ ನನಗುಳಿದಿರುವ ಚಿಂತೆ ಕನ್ನಡದ್ದು. ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್, ಅರಬಿ, ಹಿಂದಿ ಇವೆ, ಕನ್ನಡವಿಲ್ಲ. ಊರಿಗೆ ಬಂದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿದೆ, ಕೇಂದ್ರ ಪಠ್ಯಕ್ರಮದ ಶಾಲೆಯಲ್ಲೂ ಕನ್ನಡ ಕಲಿಯಬೇಕು. ನಾದಿನಿಯ ಮಗ ನಾಲ್ಕನೇ ತರಗತಿಯಲ್ಲಿ 'ಅ'ದಿಂದ ತೊಡಗಿದಾಗ ಪಕ್ಕದ ಮಕ್ಕಳು ನಕ್ಕದ್ದನ್ನು ಅವನು ಇನ್ನೂ ಮರೆತಿಲ್ಲ. ದುಬೈಯಲ್ಲಿ ಕನ್ನಡಿಗರ ಸಂಘಟನೆಯೊಂದು 2014ರಿಂದ ವಾರಾಂತ್ಯದಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುತ್ತಿದೆ. ನಾನು ಮನೆಯಲ್ಲೇ ಕಲಿಸುತ್ತೇನೆ. 2022ರಿಂದ ಅಲ್ಲಿ ಶುಕ್ರವಾರ ಅರ್ಧ ದಿನದ ಶಾಲೆ. ಜುಮಾ ಮುಗಿದು, ಊಟವಾದ ಮೇಲೆ ಒಂದು ಗಂಟೆ ಕನ್ನಡ. ಊರಿನ ಶಾಲೆಯ ಒಂದನೇ ತರಗತಿಯ ಪುಸ್ತಕವನ್ನು ಕಳೆದ ರಜೆಯಲ್ಲಿ ತಂದಿದ್ದೆ. ಆಗಲೇ ಅಲ್ಲಿನ ಮುಖ್ಯೋಪಾಧ್ಯಾಯಿನಿಯವರನ್ನೂ ಕಂಡು ಮಾತನಾಡಿದೆ. "ಯಾವ ತರಗತಿಗೆ ಬಂದರೂ ಸೇರಿಸಿಕೊಳ್ಳುತ್ತೇವೆ, ಒತ್ತಕ್ಷರವೊಂದನ್ನು ಮುಗಿಸಿಕೊಂಡು ಬನ್ನಿ" ಎಂದರು. ಪತಿಯ ಒಪ್ಪಂದ ಮುಂದಿನ ವರ್ಷ ನವೀಕರಣಕ್ಕೆ ಬರುತ್ತದೆ. ಮಗಳು ಕಾಗುಣಿತ ಮುಗಿಸಿದ್ದಾಳೆ. 'ಅಕ್ಕ', 'ಹಗ್ಗ' ಬರುತ್ತವೆ, 'ಅಜ್ಜಿ' ಬರೆಯುವಾಗ ಮಾತ್ರ ಒತ್ತನ್ನು ಇನ್ನೂ ಮರೆಯುತ್ತಾಳೆ.